ಹಲವು ಮಕ್ಕಳ ತಾಯಿಯ ಕುಡಿ

ಮಗಳ ಬಾಣಂತನಕ್ಕೆಂದು ಮೇ ತಿಂಗಳಲ್ಲಿ ಜರ್ಮನಿಯ ಟ್ಯೂಬಿಂಗನ್ ಊರಿಗೆ ಹೋದಾಗ ನನ್ನ ಪೆಟ್ಟಿಗೆಯಲ್ಲಿ ಅಂಟಿನುಂಡೆ, ಒಣಶುಂಠಿ, ಒಂದು ಡಬ್ಬಿ ಶತಾವರಿ ಪುಡಿ ಇದ್ದವು. ಪುಡಿ ಅಂಗಡಿಯದಲ್ಲ. ಹಿತ್ತಿಲ ಬೇಲಿಗೆ ಹಬ್ಬಿದ ಬಳ್ಳಿಯ ಬುಡ ಅಗೆದು, ಬೇರಿನ ಸಿಪ್ಪೆ ಸುಲಿದು, ನಡುವಿನ ನಾರು ಎಳೆದು ತೆಗೆದು, ಒಣಗಿಸಿ ಕುಟ್ಟಿದ್ದು. ಡಬ್ಬಿ ಇಡಲು ಅಡುಗೆಮನೆಗೆ ಹೋದರೆ ಅಲ್ಲಿ ಅಳಿಯ ಒಂದು ಲೋಟದಲ್ಲಿ ಎರಡು ಬೆರಳು ನೀರು ಹಾಕಿ, ಹಸಿರು ಕಡ್ಡಿಗಳ ಒಂದು ಕಟ್ಟನ್ನು ಹೂವಿನ ಹಾಗೆ ನಿಲ್ಲಿಸಿದ್ದ. ಎಳೆ ನುಗ್ಗೆಕಾಯಿ ಇರಬೇಕು ಅಂದುಕೊಂಡೆ.

"ಶ್ಪಾರ್ಗೆಲ್ ಅತ್ತೆ, ಆಸ್ಪರಾಗಸ್" ಅಂದ ಅವನು. ಒಳಕೋಣೆಯಿಂದ ಮಗಳು, "ಅಮ್ಮ, ನೀನು ತಂದ ಪುಡಿಯ ನೆಂಟರೇ ಅದು" ಅಂದಳು.

ನಿಜವೇ. ಸಸ್ಯಶಾಸ್ತ್ರದವರ ಲೆಕ್ಕದಲ್ಲಿ ನಮ್ಮ ಶತಾವರಿ ಆಸ್ಪರಾಗಸ್ ರೆಸಿಮೋಸಸ್, ಯುರೋಪಿನವರ ತರಕಾರಿ ಆಸ್ಪರಾಗಸ್ ಅಫಿಸಿನಾಲಿಸ್. ಒಂದೇ ಕುಲದ ಎರಡು ಮನೆ. ಅಫಿಸಿನಾಲಿಸ್ ಅಂದರೆ ಔಷಧದ ಉಗ್ರಾಣಕ್ಕೆ ಸೇರಿದ್ದು. ಅಂದರೆ ಅವರಿಗೂ ಇದು ಒಂದು ಕಾಲದಲ್ಲಿ ಮದ್ದೇ ಆಗಿತ್ತು. ಆದರೆ ಹೆಸರು ಇಡುವಾಗ ಇಬ್ಬರ ಕಣ್ಣು ಹೋದದ್ದು ಬೇರೆ ಬೇರೆ ಕಡೆಗೆ.

ನಮ್ಮ ಕಣ್ಣು ಹೋದದ್ದು ಮಣ್ಣಿನ ಒಳಗೆ. ಸಂಸ್ಕೃತದ ಶತಮೂಲಿಯಲ್ಲಿ ನೂರು ಬೇರು. ನಮ್ಮಜ್ಜಿಯಂತೂ ಶತಾವರಿ ಅಂದವಳೇ ಅಲ್ಲ, ಅವಳ ಬಾಯಲ್ಲಿ ಅದು 'ಹಲವು ಮಕ್ಕಳ ತಾಯಿ ಬೇರು'. ಬುಡ ಅಗೆದು ನೋಡಿದವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆರಳು ಗಾತ್ರದ ಬಿಳಿ ಗಡ್ಡೆಗಳು ಹತ್ತಾರು, ಒಂದೇ ತಾಯಿಯ ಸೊಂಟಕ್ಕೆ ಆತುಕೊಂಡ ಹಾಗೆ ಇರುತ್ತವೆ. ಎದೆಹಾಲು ಹೆಚ್ಚಲಿ ಎಂದು ಬಾಣಂತಿಗೆ ಇದನ್ನೇ ಹಾಲಿನಲ್ಲಿ ಕದಡಿ ಕೊಡುವುದು ನಮ್ಮ ಕಡೆಯ ರೂಢಿ. ಈಗ ಡಬ್ಬಿಗಳ ಮೇಲೆಲ್ಲ ಶತಾವರಿ ಎಂದೇ ಅಚ್ಚಾಗುತ್ತದೆ. ಚಿಕ್ಕ ವಯಸ್ಸಿನವರಿಗೆ ಅಜ್ಜಿಯ ಹೆಸರು ಹೇಳಿದರೆ ಗೊತ್ತಾಗುವುದಿಲ್ಲ. ಅಂಥ ಹೆಸರು ಕಳೆದುಹೋಗುವುದು ನನಗೆ ನಷ್ಟವೆಂದೇ ಅನ್ನಿಸುತ್ತದೆ.

ಅವರ ಕಣ್ಣು ನೆಲದಿಂದ ಮೇಲೆ ಬಂದದ್ದರ ಮೇಲೆ. ಗ್ರೀಕರ ಅಸ್ಪಾರಗೋಸ್ ಈ ಗಿಡವೊಂದರ ಹೆಸರಾಗಿರಲಿಲ್ಲ. ತಿನ್ನಲು ಬರುವ ಬೇರೆ ಗಿಡಗಳ ಎಳೆ ಕಾಂಡವನ್ನೂ ಅವರು ಹಾಗೇ ಕರೆಯುತ್ತಿದ್ದರು. ಅದು ಲ್ಯಾಟಿನ್ನಿಗೆ ಹೋಗಿ ರೋಮಿನ ಅಡುಗೆಮನೆ ಸೇರಿತು. ಚಕ್ರವರ್ತಿ ಆಗಸ್ಟಸ್ ಯಾವುದಾದರೂ ಕೆಲಸ ತಟ್ಟನೆ ಮುಗಿಯಬೇಕಿದ್ದರೆ, ಆಸ್ಪರಾಗಸ್ ಬೇಯುವುದಕ್ಕಿಂತ ಬೇಗ ಆಗಲಿ ಅನ್ನುತ್ತಿದ್ದನೆಂದು ಅವನ ಚರಿತ್ರೆ ಬರೆದ ಸ್ಯೂಟೋನಿಯಸ್ ಹೇಳುತ್ತಾನೆ. ಜರ್ಮನಿಗೆ ಬರುವಷ್ಟರಲ್ಲಿ ಮೊದಲಿನ ಅಕಾರ ಉದುರಿ ಶ್ಪಾರ್ಗೆಲ್ ಆಯಿತು. ಇಂಗ್ಲೆಂಡಿನಲ್ಲೂ ಅಕಾರ ಉದುರಿತು, ಉಳಿದ 'ಸ್ಪಾರಗಸ್' ಜನರ ಕಿವಿಗೆ 'ಸ್ಪಾರೋಗ್ರಾಸ್' ಎಂದು ಕೇಳಿಸಿತು: ಗುಬ್ಬಿಹುಲ್ಲು! ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ 1667ರ ಏಪ್ರಿಲ್‌ನಲ್ಲಿ ನೂರು ಗುಬ್ಬಿಹುಲ್ಲಿಗೆ 18 ಪೆನ್ಸ್ ಕೊಟ್ಟದ್ದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ತರಕಾರಿ ಮಾರುವವರಿಗೆ ಅಷ್ಟೂ ಬೇಡ, ಬರೀ 'ಹುಲ್ಲು' ಅಂದರೆ ಸಾಕು. 1791ರಲ್ಲಿ ಉಚ್ಚಾರದ ನಿಘಂಟು ಮಾಡಿದ ಜಾನ್ ವಾಕರ್, ಗುಬ್ಬಿಹುಲ್ಲು ಎಷ್ಟು ರೂಢಿಯಾಗಿದೆಯೆಂದರೆ ಆಸ್ಪರಾಗಸ್ ಅನ್ನುವುದೇ ಪಂಡಿತರ ಬಿಗುಮಾನದಂತೆ ಕಾಣುತ್ತದೆ ಎಂದ. ಕೊನೆಗೆ ಅಲ್ಲಿಯೂ ಪುಸ್ತಕದ ಹೆಸರೇ ಗೆದ್ದಿತು. ನಮ್ಮಜ್ಜಿಯ ಹೆಸರಿಗೆ ಆದದ್ದೇ ಗುಬ್ಬಿಹುಲ್ಲಿಗೂ ಆಯಿತು.

ಆಸ್ಪರಾಗಸ್ ಎಂಬ ಪದ ಅಡುಗೆಮನೆ ದಾಟಿ ಇನ್ನೊಂದು ಕಡೆಗೂ ಹೋಗಿದೆ. 1806ರಲ್ಲಿ ಫ್ರಾನ್ಸಿನ ವೋಕ್ಲಾ ಮತ್ತು ರೋಬಿಕೆ ಎಂಬ ರಸಾಯನಜ್ಞರು ಈ ತರಕಾರಿಯ ರಸದಿಂದ ಒಂದು ವಸ್ತುವನ್ನು ಬೇರ್ಪಡಿಸಿದರು. ಅದಕ್ಕೆ ಆಸ್ಪರಜಿನ್ ಎಂದು ಹೆಸರಾಯಿತು. ಮನುಷ್ಯರು ಮೊದಲು ಕಂಡುಕೊಂಡ ಅಮೈನೊ ಆಮ್ಲ ಅದೇ. ಎದೆಹಾಲಿನ ಪ್ರೋಟೀನಿನಲ್ಲೂ ಅದು ಇದೆ. ಮಗಳ ಮಗ್ಗುಲಲ್ಲಿ ಮಗು ಹಾಲು ಕುಡಿಯುವುದನ್ನು ನೋಡುತ್ತ ನಾನು ಇದನ್ನು ಎಷ್ಟೋ ಸಲ ನೆನೆದಿದ್ದೇನೆ.

ಇದನ್ನು ಕನ್ನಡದಲ್ಲಿ ಏನೆಂದು ಕರೆಯಲಿ ಎಂದು ಹುಡುಕುತ್ತಿದ್ದ ನನಗೆ ಪಲ್ಯ ಮಾಡುವ ಹೊತ್ತಿಗೆ ಬೇಕಾದ ಪದ ಕೈಗೆ ಸಿಕ್ಕಿತು. ಒಂದು ಕಡ್ಡಿಯನ್ನು ಎರಡು ಕೈಯಲ್ಲಿ ಹಿಡಿದು ಬಾಗಿಸಿದೆ. ನಾರು ಮುಗಿದು ಎಳಸು ಶುರುವಾಗುವಲ್ಲಿ ಅದು ಲಟಕ್ಕನೆ ತಾನೇ ಮುರಿಯಿತು. ಬಸಳೆಯನ್ನೂ ಕುಂಬಳಬಳ್ಳಿಯ ತುದಿಯನ್ನೂ ನಾವು ಮುರಿಯುವುದು ಹೀಗೇ. ಅದನ್ನು ನಾವು ಕುಡಿ ಅನ್ನುತ್ತೇವೆ. ಇದು ಕುಡಿ!

ಎಂಥ ಪದ ಅದು. ತಂಬುಳಿಗೆ ಪೇರಲೆ ಕುಡಿ, ದಾಳಿಂಬೆ ಕುಡಿ. ಊಟಕ್ಕೆ ಕುಳಿತ ಹಿರಿಯರ ಮುಂದೆ ಕುಡಿಬಾಳೆ. ದೇವರ ಮುಂದೆ ದೀಪದ ಕುಡಿ. ಬಾಯಿಬಿಟ್ಟು ಹೇಳಲಾರದವರಿಗೆ ಕುಡಿನೋಟ, ಹದಿನೆಂಟರ ಹುಡುಗನಿಗೆ ಕುಡಿಮೀಸೆ. ತಮಿಳಿನ ಕೊಡಿ ಇದರ ಒಡಹುಟ್ಟು, ಅಲ್ಲಿ ಅದು ಬಳ್ಳಿಯೂ ಹೌದು, ಬಾವುಟವೂ ಹೌದು. ಎಲ್ಲ ಕಡೆಯೂ ಒಂದೇ ಭಾವ: ಮೊನಚಾದದ್ದು, ಎಳೆಯದು, ಮುಂದಕ್ಕೆ ಚಾಚುತ್ತಿರುವುದು. ಮನೆಯಲ್ಲಿ ಮಗು ಹುಟ್ಟಿದರೆ ವಂಶದ ಕುಡಿ. ಗ್ರೀಕರು ಅಸ್ಪಾರಗೋಸ್ ಅನ್ನುವಾಗ ಅವರ ಮನಸ್ಸಿನಲ್ಲಿದ್ದ ಗಿಡದ ಭಾಗಕ್ಕೆ ಕನ್ನಡದಲ್ಲಿ ಇದಕ್ಕಿಂತ ಹತ್ತಿರದ ಮಾತು ನನಗೆ ಕಾಣದು. ಕೆಳಗೆ ಹಲವು ಮಕ್ಕಳ ತಾಯಿ, ಮೇಲೆ ಅವಳ ಕುಡಿ. ಗಿಡದ ಎರಡೂ ತುದಿಗೆ ನಮ್ಮಲ್ಲಿ ಹೆಸರಿದೆ. ಅಂದಿನಿಂದ ಈ ತರಕಾರಿಯನ್ನು ನಾನು ಶತಾವರಿ ಕುಡಿ ಅನ್ನುತ್ತೇನೆ. ಬರೀ ಶತಾವರಿ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಬೇರು ಹುಡುಕುವವರಿಗೆ ಕುಡಿ, ಕುಡಿ ಬೇಕಾದವರಿಗೆ ಬೇರು ಸಿಕ್ಕೀತು. (1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ದೊಡ್ಡ ಕನ್ನಡ ನಿಘಂಟಿನ ಕಿಟ್ಟೆಲ್ ತೀರಿಕೊಂಡದ್ದು ಇದೇ ಟ್ಯೂಬಿಂಗನ್ನಿನಲ್ಲಿ, 1903ರಲ್ಲಿ. ಅವರು ಕಣ್ಮುಚ್ಚಿದ ಊರಿನ ಒಲೆಯ ಮುಂದೆ ನಿಂತು ಕನ್ನಡ ಪದವೊಂದನ್ನು ಹುಡುಕಿದೆನಲ್ಲ ಎಂದು ನನ್ನ ಮನಸ್ಸು ತುಂಬಿ ಬಂತು.)

ಕುಡಿಯನ್ನು ಬೇಯಿಸುವಾಗ ನೆನಪಿಡಬೇಕಾದದ್ದು ಅದು ಕುಡಿ ಎಂಬುದೇ. ಮೊನೆಯ ಪದರಗಳಲ್ಲಿ ಮರಳು ಅಡಗಿರುತ್ತದೆ, ತಲೆಕೆಳಗು ಮಾಡಿ ನೀರಿನಲ್ಲಿ ಅಲುಬಬೇಕು. ಕಾಂಡ ಒಂದಂಗುಲದ ಹೋಳು, ಮೊನೆ ಇಡಿಯಾಗಿ ಬೇರೆ. ಬಾಣಲೆಗೆ ಎರಡು ಚಮಚ ಎಣ್ಣೆ, ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಜಜ್ಜಿದ ಬೆಳ್ಳುಳ್ಳಿ. ಮೊದಲು ಕಾಂಡ, ಎರಡು ನಿಮಿಷ ಬಿಟ್ಟು ಮೊನೆ, ಉಪ್ಪು, ಇನ್ನೆರಡು ನಿಮಿಷ. ನೀರು ಬೇಡ. ಮುಚ್ಚಳವೂ ಬೇಡ, ಮುಚ್ಚಿದರೆ ಹಸಿರು ಮಾಸುತ್ತದೆ. ನಿಂಬೆರಸ ಹಿಂಡುವುದಿದ್ದರೆ ಇಳಿಸಿದ ಮೇಲೆ, ಹುಳಿಯೂ ಬಣ್ಣ ಕೆಡಿಸುತ್ತದೆ. ಹಿಡಿ ಕಾಯಿತುರಿ ಉದುರಿಸಿ ಬಡಿಸಿದರೆ ಕಡಿಯುವಾಗ ಕರುಂ ಅನ್ನಬೇಕು. ಆಗಸ್ಟಸ್ ಹೇಳಿದ್ದು ಸರಿ, ಅನ್ನ ಬಾಗಿಸಿಟ್ಟು ತಿರುಗುವಷ್ಟರಲ್ಲಿ ಆಗಿಬಿಡುತ್ತದೆ.

ಅಲ್ಲಿಯವರಿಗೆ ಹೆಚ್ಚು ಪ್ರೀತಿ ಬಿಳಿಯದರ ಮೇಲೆ. ಗಿಡ ಬೇರೆಯಲ್ಲ, ಸಾಲಿನ ಮೇಲೆ ಮಣ್ಣು ಏರಿಸಿ ಕುಡಿಗೆ ಬಿಸಿಲು ಕಾಣದಂತೆ ಮಾಡುತ್ತಾರೆ, ದಿಬ್ಬ ಬಿರಿದ ಕಡೆ ಉದ್ದದ ಕತ್ತಿ ತೂರಿಸಿ ಕೀಳುತ್ತಾರೆ. ಅದರ ಸಿಪ್ಪೆ ಹೆರೆಯಬೇಕು. ಬೆಣ್ಣೆ ಹಾಕಿ ತಿಂದೆ, ನಯವಾಗಿತ್ತು. ನನ್ನ ನಾಲಿಗೆ ಹಸಿರನ್ನೇ ಕೇಳಿತು.

ಜೂನ್ 24, ಸಂತ ಯೋಹಾನರ ಹಬ್ಬ. ಅಂದಿಗೆ ಕೊಯ್ಲು ನಿಲ್ಲಿಸುವುದು ಅಲ್ಲಿನ ರೈತರ ವಾಡಿಕೆ. ಮಾರನೆಯ ವಾರ ಅಂಗಡಿಯಲ್ಲಿ ಶ್ಪಾರ್ಗೆಲ್ ಇರಲಿಲ್ಲ. ಯಾಕೆಂದು ಕೇಳಿದರೆ, ಇನ್ನು ಹುಟ್ಟುವ ಕುಡಿಗಳನ್ನೆಲ್ಲ ಹಾಗೇ ಬೆಳೆಯಲು ಬಿಡುತ್ತಾರೆ, ಎಲೆ ಬಿಟ್ಟು ಅವು ಬೇರಿಗೆ ಉಣ್ಣಿಸಬೇಕು, ಇಲ್ಲದಿದ್ದರೆ ಬರುವ ವರ್ಷಕ್ಕೆ ಬೇರು ಸೊರಗುತ್ತದೆ ಎಂದು ಅಳಿಯ ಹೇಳಿದ. ಮಗುವನ್ನು ಎತ್ತಿಕೊಂಡು ಒಂದು ದಿನ ಹೊಲದ ಕಡೆ ಹೋಗಿದ್ದೆವು. ಕಡ್ಡಿಗಳಿದ್ದ ಕಡೆ ಆಳೆತ್ತರದ ನವುರು ಹಸಿರು, ನಮ್ಮ ಬೇಲಿಯ ಬಳ್ಳಿಯ ಎಲೆಯದೇ ಎಳೆ ಎಳೆ ನೂಲು, ಗಾಳಿಗೆ ಒಟ್ಟಾಗಿ ಬಾಗುತ್ತಿತ್ತು. ಬಾಣಂತನದ ಮೂರನೇ ತಿಂಗಳು. ಮಗಳು ಅಲ್ಲೇ ಬದುವಿನ ಮೇಲೆ ಸ್ವಲ್ಪ ಹೊತ್ತು ಕೂತಳು.