ನಂಜುಂಡನ ಸುತ್ತ ಕಪ್ಪು ಚುಕ್ಕಿ, ಕಲ್ಲಿನ ಮೇಲೆ ‘ಮ’ ಅನ್ನುವ ಸಹಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ಒಂದು ಕ್ಷಮೆಯಿಂದ ಶುರುವಾಗುತ್ತದೆ. ತಪ್ಪು ನನ್ನದು.

ಶಿವರಾತ್ರಿಯ ಹೊತ್ತಿಗೆ ನಂಜನಗೂಡಿನ ಬಗ್ಗೆ ಒಂದು ಸಂಚಿಕೆ ಮಾಡಿದ್ದೆ. ಅದರ ಪೋಸ್ಟರ್‌ಗೆ ಆ ಕಡೆಯ ಒಬ್ಬ ಹುಡುಗ ಬಿಡಿಸಿದ ಚಿತ್ರ ಕೇಳಿ ತರಿಸಿಕೊಂಡೆ. ವಿಷ ಕುಡಿಯುತ್ತಿರುವ ಶಿವ. ನಂಜನ್ನು ಉಂಡವನು, ನಂಜುಂಡ. ಆದರೆ ಕ್ಯಾಲೆಂಡರ್‌ನಲ್ಲಿ ನೋಡುವ ಶಾಂತ ಶಿವ ಅಲ್ಲ. ಅಂಗೈ ಕಾಗದದಿಂದ ಆಚೆ ಬಂದು ನಮ್ಮ ಮುಖಕ್ಕೆ ತಾಗುವ ಹಾಗಿದೆ. ಬೆರಳ ತುದಿಗಳು ಇಟ್ಟಿಗೆಯ ಹಾಗೆ ಚೌಕ. ಗಂಟಲ ಸುತ್ತ ಹಾಲಾಹಲ ಕುದಿಯುತ್ತಿದೆ ಅನ್ನೋ ಹಾಗೆ ದೊಡ್ಡದು ಚಿಕ್ಕದು ಕಪ್ಪು ಚುಕ್ಕಿಗಳ ಗುಂಪು. ಸಂಚಿಕೆ ಬಂದ ದಿನವೇ ಕೇಳುಗರು ಬರೆದರು: ‘ಇದು ಜ್ಯಾಕ್ ಕರ್ಬಿ ಸ್ಟೈಲ್!’ ನನಗೂ ಖುಷಿ. ಸಂಜೆ ಆ ಹುಡುಗನ ಮೆಸೇಜ್ ಬಂತು. ‘ಅಣ್ಣ, ಪೋಸ್ಟರ್ ಚೆನ್ನಾಗಿದೆ. ಮೂಲೇಲಿ ನನ್ನ ಹೆಸರಿತ್ತಲ್ಲ, ಎಲ್ಲಿ ಹೋಯ್ತು?’

ಚಿತ್ರವನ್ನು ಚೌಕಕ್ಕೆ ಕತ್ತರಿಸುವಾಗ ಸಹಿ ಇದ್ದ ಮೂಲೆಯನ್ನೇ ನಾನು ಕತ್ತರಿಸಿಬಿಟ್ಟಿದ್ದೆ. ನ್ಯೂಯಾರ್ಕಿನಲ್ಲಿ ಹುಟ್ಟಿ 1994ರಲ್ಲೇ ತೀರಿಕೊಂಡ ಕಲಾವಿದನನ್ನು ಎಲ್ಲರೂ ಗುರುತಿಸಿದರು. ಪಕ್ಕದೂರಲ್ಲಿ ಕೂತು ಬಿಡಿಸಿದವನ ಹೆಸರು ಯಾರಿಗೂ ಗೊತ್ತಾಗಲಿಲ್ಲ. ಪೋಸ್ಟರ್ ಬದಲಾಯಿಸಿದೆ, ಕ್ಷಮೆ ಕೇಳಿದೆ. ಆದರೂ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಒಬ್ಬ ಕಲಾವಿದನ ‘ಕೈ’ ಅಂದರೆ ಏನು? ಅದನ್ನು ಗುರುತಿಸುವ ಅಭಿಮಾನಿ ನಿಜಕ್ಕೂ ಮಾಡುತ್ತಿರುವ ಕೆಲಸ ಯಾವುದು? ಉತ್ತರಕ್ಕೆ ಕಪಿಲಾ ನದಿಯ ಜೊತೆಯಲ್ಲೇ ಹೋಗೋಣ, ನಂಜನಗೂಡಿನಿಂದ ತಿ. ನರಸೀಪುರದವರೆಗೆ.

ಮೊದಲು ಕರ್ಬಿ ಯಾರು ಅಂತ ಹೇಳಿಬಿಡ್ತೀನಿ. ಹುಟ್ಟಿದ್ದು 1917ರ ಆಗಸ್ಟ್ 28, ನ್ಯೂಯಾರ್ಕಿನ ಬಡ ಯಹೂದಿ ಕುಟುಂಬದಲ್ಲಿ. ಈ 1917 ಅನ್ನೋ ವರ್ಷ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ಜೋ ಸೈಮನ್ ಜೊತೆ ಸೇರಿ ಕ್ಯಾಪ್ಟನ್ ಅಮೆರಿಕಾವನ್ನು ಸೃಷ್ಟಿಸಿದವರು. ಆ ಪಾತ್ರದ ಮೊದಲ ಸಂಚಿಕೆಯ ಮುಖಪುಟದ ಮೇಲಿರುವ ತಿಂಗಳು 1941ರ ಮಾರ್ಚ್. ಅದರಲ್ಲಿ ನಾಯಕ ಹಿಟ್ಲರನ ದವಡೆಗೇ ಗುದ್ದುತ್ತಾನೆ. ಅಮೆರಿಕ ಆಗಿನ್ನೂ ಯುದ್ಧಕ್ಕೆ ಇಳಿದಿರಲಿಲ್ಲ! 1960ರ ದಶಕದಲ್ಲಿ ಸ್ಟ್ಯಾನ್ ಲೀ ಜೊತೆ ಫೆಂಟಾಸ್ಟಿಕ್ ಫೋರ್, ಹಲ್ಕ್, ಥಾರ್, ಎಕ್ಸ್‌ಮೆನ್, ಬ್ಲ್ಯಾಕ್ ಪ್ಯಾಂಥರ್. ನೀವು ಮಾಲ್‌ನಲ್ಲಿ ಟಿಕೆಟ್ ತೆಗೆದು ನೋಡಿದ ಅರ್ಧ ಸಿನಿಮಾಗಳ ಬೇರು ಆ ಮನುಷ್ಯನ ಪೆನ್ಸಿಲ್‌ನಲ್ಲಿದೆ.

ಅವರ ಗೆರೆಯನ್ನು ಗುರುತಿಸೋದು ಸುಲಭ. ಕಾಲು ಅಗಲಿಸಿ ನಿಂತ ನಾಯಕ, ಕ್ಯಾಮೆರಾಗೆ ಅಡ್ಡ ಬಂದಂತೆ ಹಿಗ್ಗಿದ ಮುಷ್ಟಿ, ಲೋಹದ ಮೇಲೆ ಹಾವು ಹರಿದ ಹಾಗೆ ಕಪ್ಪು ಹೊಳಪು. ಮತ್ತೆ ಆ ಚುಕ್ಕಿಗಳು. ಬೆಂಕಿಯನ್ನು ಬಿಡಿಸಬಹುದು, ನೀರನ್ನು ಬಿಡಿಸಬಹುದು, ‘ಶಕ್ತಿ’ಯನ್ನು ಹೇಗೆ ಬಿಡಿಸೋದು? ಕರ್ಬಿ ಶಕ್ತಿಯನ್ನು ಬಿಡಿಸಲೇ ಇಲ್ಲ. ಸುತ್ತ ಕಪ್ಪು ಚುಕ್ಕಿಗಳನ್ನು ಒತ್ತೊತ್ತಾಗಿ ಇಟ್ಟರು, ನಡುವೆ ಉಳಿದ ಬಿಳಿ ಜಾಗವೇ ಸಿಡಿಯುವಂತೆ ಕಂಡಿತು. ಅಭಿಮಾನಿಗಳು ಅದಕ್ಕೆ ‘ಕರ್ಬಿ ಕ್ರ್ಯಾಕಲ್’ ಅಂತ ಹೆಸರಿಟ್ಟರು. ಹಾಲಾಹಲಕ್ಕೆ ಇದಕ್ಕಿಂತ ಸರಿಯಾದ ಗೆರೆ ಬೇರೆ ಯಾವುದಿದೆ ಹೇಳಿ? ಆ ಹುಡುಗನ ಬುದ್ಧಿ ಇರೋದೇ ಅಲ್ಲಿ.

ಗೆರೆ ನೋಡಿ ಆಳನ್ನು ಹೇಳೋದು ನಮಗೇನು ಹೊಸದಲ್ಲ. ನಿಮ್ಮ ಅಪ್ಪ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ನೋಡಿ, ಚಂದಮಾಮ ಓದಿರ್ತಾರೆ. ಕನ್ನಡ ಚಂದಮಾಮ ಶುರುವಾದದ್ದು 1949ರಲ್ಲಿ. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ, ಸ್ಮಶಾನದಲ್ಲಿ ನಡೆದುಹೋಗುವ ವಿಕ್ರಮ. ಆ ಚಿತ್ರ ಶಂಕರ್ ಅವರದು, ಪೂರ್ತಿ ಹೆಸರು ಕೆ.ಸಿ. ಶಿವಶಂಕರನ್. ಮರದ ಬೇರು, ಕಿರೀಟದ ಕುಸುರಿ, ಬೇತಾಳನ ಜೋಲುವ ಕೈ, ಎಲ್ಲಕ್ಕೂ ಅದೇ ತೆಳು ಗೆರೆ. ಅವರು 2020ರಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದದ್ದು ಮರುವರ್ಷ, ಮರಣೋತ್ತರವಾಗಿ. ನಮ್ಮ ಸೂಪರ್‌ಹೀರೊ ಕಲಾವಿದ ಯಾರು ಅಂತ ಕೇಳಿದರೆ ನಾನು ಮೊದಲು ಅವರ ಹೆಸರೇ ಹೇಳೋದು.

ಈಗ ನಂಜನಗೂಡಿಗೆ ಬನ್ನಿ. ಶ್ರೀಕಂಠೇಶ್ವರನ ದೇವಸ್ಥಾನಕ್ಕೆ ಹೋದಾಗ ದರ್ಶನ, ಪ್ರಸಾದ, ಒಂದು ಸೆಲ್ಫಿ, ಅಷ್ಟಕ್ಕೇ ವಾಪಸ್ ಬರಬೇಡಿ. ಅಲ್ಲಿ ಗಣಪತಿಯ 32 ರೂಪಗಳ ಮೂರ್ತಿಗಳಿವೆ. ಬಾಲ ಗಣಪತಿ, ತರುಣ ಗಣಪತಿ, 16 ಕೈಗಳ ವೀರ ಗಣಪತಿ, ಐದು ತಲೆ ಹೊತ್ತು ಸಿಂಹದ ಮೇಲೆ ಬರುವ ಹೇರಂಬ ಗಣಪತಿ. ಇವನ್ನು ಮಾಡಿಸಿದವರು 1794ರಿಂದ 1868ರವರೆಗೆ ಬದುಕಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ್. ಅವರದೇ ಹೆಸರಿನಲ್ಲಿ ‘ಶ್ರೀತತ್ತ್ವನಿಧಿ’ ಅಂತ ಒಂದು ಭಾರಿ ಸಚಿತ್ರ ಗ್ರಂಥ ಇದೆ, ಒಂಬತ್ತು ಭಾಗ. ಯಾವ ದೇವತೆಗೆ ಯಾವ ಬಣ್ಣ, ಎಷ್ಟು ಕೈ, ಯಾವ ಕೈಯಲ್ಲಿ ಏನು, ವಾಹನ ಯಾವುದು, ಎಲ್ಲ ಅದರಲ್ಲಿದೆ. ಗಣಪತಿಯ ಈ 32 ರೂಪಗಳೂ ಇವೆ.

ಅನಿಮೇಷನ್ ಕಲಿಯುತ್ತಿರುವವರು ಈಗಾಗಲೇ ನಗ್ತಿರ್ತೀರ. ಇದು ಕ್ಯಾರೆಕ್ಟರ್ ಶೀಟ್! ಹೌದು, ಅದೇ. ಸ್ಪೈಡರ್‌ಮ್ಯಾನ್‌ನ ಬಟ್ಟೆಯ ಬಣ್ಣ, ಎದೆಯ ಮೇಲಿನ ಜೇಡ, ಯಾವ ಕಲಾವಿದ ಬಂದರೂ ಬದಲಾಗಲ್ಲ. ಆದರೂ ಸ್ಟೀವ್ ಡಿಟ್ಕೊ 1966ರಲ್ಲಿ ಬಿಟ್ಟುಹೋಗಿ ಜಾನ್ ರೊಮಿಟಾ ಬಂದ ಕೂಡಲೇ ಓದುಗರಿಗೆ ವ್ಯತ್ಯಾಸ ಕಂಡಿತು. ಸೊಟ್ಟಗೆ ಒರಟಾಗಿ ಇದ್ದ ಪೀಟರ್ ಪಾರ್ಕರ್ ಒಮ್ಮೆಗೇ ಚೆಲುವನಾದ. ಲಕ್ಷಣ ಶಾಸ್ತ್ರದ್ದು, ಗೆರೆ ಮಾತ್ರ ಕಲಾವಿದನದು. 32 ಗಣಪತಿಗಳ ಆಯುಧ ಎಣಿಸಿದರೆ ಶಾಸ್ತ್ರ ಕಾಣುತ್ತದೆ. ಸೊಂಡಿಲಿನ ತಿರುವು, ಹೊಟ್ಟೆಯ ಮಡಿಕೆ, ಕಣ್ಣಿನ ತುಂಟತನ ನೋಡಿದರೆ ಒಬ್ಬ ಮನುಷ್ಯ ಕಾಣುತ್ತಾನೆ.

ಆದರೆ ಯಾವ ಮನುಷ್ಯ? 32 ಗಣಪತಿಗಳಿಗೂ ಹೆಸರಿದೆ. ಮಾಡಿಸಿದ ಅರಸರ ಹೆಸರು ಊರಿಗೆಲ್ಲ ಗೊತ್ತು. ಉಳಿ, ಕುಂಚ ಹಿಡಿದವರ ಹೆಸರು ಯಾರ ಬಾಯಲ್ಲೂ ಇಲ್ಲ. ನನ್ನ ಪೋಸ್ಟರಿನ ಕತ್ತರಿಸಿದ ಮೂಲೆ ನೆನಪಾಯಿತು.

ನಂಜನಗೂಡಿನಿಂದ ಕಪಿಲೆ ಹರಿದು ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅದೇ ತಾಲ್ಲೂಕಿನ ಸೋಮನಾಥಪುರದಲ್ಲಿ ಈ ಕಥೆ ತಿರುಗುತ್ತದೆ. ಕೇಶವ ದೇವಾಲಯವನ್ನು ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ. 1258 ಅಂತ ಕೆಲವರು, 1268 ಅಂತ ಕೆಲವರು ಬರೀತಾರೆ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿತು. ಸ್ಕೂಲ್ ಟ್ರಿಪ್ಪಿನಲ್ಲಿ ನಾನೂ ಹೋಗಿದ್ದೆ. ಆನೆ ಎಣಿಸಿದ್ದು, ಪುಳಿಯೋಗರೆ ತಿಂದದ್ದು, ಅಷ್ಟೇ ನೆನಪು.

ಈ ಸಲ ಕಾಮಿಕ್ಸ್ ಓದುವ ಹಾಗೆ ನೋಡಿದೆ. ಗೋಡೆಯ ಕೆಳಗೆ ಆರು ಪಟ್ಟಿಗಳು. ಆನೆ, ಕುದುರೆ ಸವಾರರು, ಬಳ್ಳಿ, ಆಮೇಲೆ ಕಥೆ, ಅದರ ಮೇಲೆ ಮಕರ, ಹಂಸ. ಆ ಕಥೆಯ ಪಟ್ಟಿಯೇ ನಮ್ಮ ಕಾಮಿಕ್ ಸ್ಟ್ರಿಪ್. ದಕ್ಷಿಣದ ಕಡೆ ರಾಮಾಯಣ, ಹಿಂದೆ ಕೃಷ್ಣನ ಕಥೆ, ಉತ್ತರಕ್ಕೆ ಮಹಾಭಾರತ. ಪ್ರದಕ್ಷಿಣೆ ಹಾಕುತ್ತಾ ಹೋದರೆ ಕಥೆ ಮುಂದೆ ಹೋಗುತ್ತದೆ. ಪ್ರದಕ್ಷಿಣೆಯಲ್ಲಿ ದೇವರು ನಮ್ಮ ಬಲಕ್ಕೆ ಅಲ್ವಾ? ಹಾಗಾಗಿ ಗೋಡೆಗೆ ಮುಖ ಮಾಡಿ ನಿಂತರೆ ಕಥೆ ಬಲದಿಂದ ಎಡಕ್ಕೆ ಸಾಗುತ್ತದೆ. ಜಪಾನಿನ ಮಾಂಗಾ ಪುಸ್ತಕದ ಹಾಗೆ! ಬೆರಳಲ್ಲಿ ಸ್ಕ್ರೋಲ್ ಮಾಡೋ ಬದಲು ಕಾಲಲ್ಲಿ ಸ್ಕ್ರೋಲ್ ಮಾಡಬೇಕು, ಅಷ್ಟೇ.

ಈಗ ಕಣ್ಣು ಮೇಲಕ್ಕೆತ್ತಿ. ಸಾಲಾಗಿ ನಿಂತ ದೊಡ್ಡ ಮೂರ್ತಿಗಳು. ಹಲವು ಮೂರ್ತಿಗಳ ಪೀಠದಲ್ಲಿ ಹಳೆಯ ಕನ್ನಡ ಅಕ್ಷರಗಳಿವೆ. ಅವು ದೇವರ ಹೆಸರಲ್ಲ, ರಾಜನದ್ದೂ ಅಲ್ಲ. ಕೆತ್ತಿದವನ ಸಹಿ. ಮಸಣಿತಮ್ಮ, ಚಾಮೆಯ, ಚೌಡೆಯ, ನಂಜಯ. ಎಲ್ಲರಿಗಿಂತ ಹೆಚ್ಚು ಸಲ ಕಾಣೋದು ರೂವಾರಿ ಮಲ್ಲಿತಮ್ಮ, ಸುಮಾರು 40 ಮೂರ್ತಿಗಳು. ‘ರೂವಾರಿ’ ಅಂದರೆ ಶಿಲ್ಪಿ. ಇವತ್ತಿಗೂ ಕ್ರಿಕೆಟ್ ಗೆಲ್ಲಿಸಿದವನನ್ನು ಪತ್ರಿಕೆಯವರು ‘ಗೆಲುವಿನ ರೂವಾರಿ’ ಅಂತ ಬರೀತಾರಲ್ಲ, ಅದೇ ಪದ. ಮಲ್ಲಿತಮ್ಮ ಪೂರ್ತಿ ಹೆಸರು ಬರೆಯೋಕೆ ಬೇಜಾರಾದಾಗ ‘ಮಲ್ಲಿ’ ಅಂತ ಬರೀತಿದ್ದ. ಇನ್ನೂ ಚುಟುಕಾಗಿ ಬರೀ ‘ಮ’. ಎಂಟುನೂರು ವರ್ಷದ ಹಿಂದಿನ ಒಂದಕ್ಷರದ ಲೋಗೊ!

ಸಹಿ ಮುಚ್ಚಿದರೂ ಅವನನ್ನು ಗುರುತಿಸಬಹುದಾ? ನನ್ನ ಕಣ್ಣಿಗೆ ಕಂಡದ್ದು ಹೇಳ್ತೀನಿ. ಇಲ್ಲಿನ ಮೂರ್ತಿಗಳು ಎತ್ತರದವಲ್ಲ, ಸ್ವಲ್ಪ ಗಿಡ್ಡ, ದುಂಡು. ಕೈ ಕಾಲು ಕುತ್ತಿಗೆ ತುಂಬ ಒಡವೆ. ತಲೆಯ ಮೇಲೆ ಎಲೆಬಳ್ಳಿಯ ಚಪ್ಪರ. ಹಾರ ಕತ್ತಿಗೆ ಅಂಟಿಕೊಂಡಿಲ್ಲ, ಹಿಂದೆ ನೆರಳು ಬೀಳುವಷ್ಟು ಆಳಕ್ಕೆ ಕಲ್ಲನ್ನು ತೆಗೆದಿದ್ದಾರೆ. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆದು, ಗಾಳಿಗೆ ಬಿಟ್ಟ ಮೇಲೆ ಗಟ್ಟಿ. ಆ ಮೆದುತನ ಇರುವಾಗಲೇ ಉಳಿ ಒಳಗೆ ನುಗ್ಗಬೇಕು. ಕರ್ಬಿ ಕಪ್ಪು ಚುಕ್ಕಿಯಿಂದ ಬಿಳಿಯನ್ನು ಹೊಳೆಸಿದರೆ, ಇವರು ನೆರಳಿನಿಂದ ಒಡವೆಯನ್ನು ಹೊಳೆಸಿದರು. ಎರಡೂ ಕಡೆ ಖಾಲಿ ಬಿಟ್ಟ ಜಾಗವೇ ಕೆಲಸ ಮಾಡೋದು.

ಇನ್ನೂ ಒಳ್ಳೆಯ ಪರೀಕ್ಷೆ ಬೇಕಾ? ಹಾಸನ ಜಿಲ್ಲೆಯ ನುಗ್ಗೇಹಳ್ಳಿಗೆ ಹೋಗಿ. 1246ರ ಲಕ್ಷ್ಮೀನರಸಿಂಹ ದೇವಾಲಯ. ದಕ್ಷಿಣದ ಗೋಡೆಯ ಕೆಲಸ ಬೈಚೋಜನದು, ಉತ್ತರದ್ದು ಮಲ್ಲಿತಮ್ಮನದು. ಒಂದೇ ಗುಡಿ, ಒಂದೇ ಕಲ್ಲು, ಅದೇ ದೇವರುಗಳು, ಕೈ ಮಾತ್ರ ಎರಡು. ಡಿಟ್ಕೊ ಮತ್ತು ರೊಮಿಟಾ ಒಂದೇ ಪುಸ್ತಕದ ಎದುರುಬದುರು ಪುಟದಲ್ಲಿ ಇದ್ದ ಹಾಗೆ. ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದ ಗುಡಿಯಲ್ಲೂ ಇದೆ. ಅಲ್ಲಿಂದ ಸೋಮನಾಥಪುರದವರೆಗೆ ಅರವತ್ತು ವರ್ಷಕ್ಕೂ ಮೇಲೆ. ಒಬ್ಬನೇ ಮುದುಕನಾಗುವವರೆಗೆ ಉಳಿ ಹಿಡಿದನೋ, ಅದೇ ಹೆಸರಿನ ಇನ್ನೊಬ್ಬ ಬಂದನೋ ಅಂತ ನಾನಂತೂ ಲೆಕ್ಕ ಹಾಕ್ತಾನೇ ಇದ್ದೀನಿ.

ಸಹಿ ಕಲ್ಲಲ್ಲಿದ್ದರೆ ಸಾಲದು, ಯಾರಾದರೂ ಬಗ್ಗಿ ಓದಬೇಕು. ಓದಿದವರು ಆರ್. ನರಸಿಂಹಾಚಾರ್, ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ಮುಖ್ಯಸ್ಥರು, ‘ಕರ್ನಾಟಕ ಕವಿಚರಿತೆ’ ಬರೆದವರೂ ಅವರೇ. ಸೋಮನಾಥಪುರದ ಕೇಶವ ದೇವಾಲಯದ ಮೇಲೆ ಅವರು ಬರೆದ ಪುಸ್ತಕ ಅಚ್ಚಾದದ್ದು ಯಾವ ವರ್ಷ ಗೊತ್ತಾ? 1917. ಕರ್ಬಿ ಹುಟ್ಟಿದ ವರ್ಷ. ಕಾಕತಾಳೀಯವೇ, ಆದರೆ ನನಗೆ ರೋಮಾಂಚನ ಆಯ್ತು. ಯಾವ ಮೂರ್ತಿ ಯಾರದು ಅಂತ ಲೆಕ್ಕ ಇಟ್ಟ ನರಸಿಂಹಾಚಾರ್ಯರನ್ನು ನಾನು ಮಲ್ಲಿತಮ್ಮನ ದೊಡ್ಡ ಅಭಿಮಾನಿ ಅಂತಲೇ ಕರೀತೀನಿ.

ಅಭಿಮಾನಿಗಳು ಹೆಸರನ್ನು ಹುಡುಕಿ ತೆಗೆದ ಇನ್ನೊಂದು ಕಥೆ ಅಮೆರಿಕದ್ದು. ಡೊನಾಲ್ಡ್ ಡಕ್ ಕಾಮಿಕ್ಸ್‌ನಲ್ಲಿ ಬಿಡಿಸಿದವರ ಹೆಸರೇ ಇರುತ್ತಿರಲಿಲ್ಲ. ಆದರೂ ಮಕ್ಕಳು ಒಂದು ಕೈಯನ್ನು ಬೇರೆ ಮಾಡಿ ಗುರುತಿಸಿ, ‘ಆ ಒಳ್ಳೆ ಬಾತುಕೋಳಿ ಚಿತ್ರಗಾರ’ ಅಂತ ಕರೆಯುತ್ತಿದ್ದರು. 1960ರ ಸುಮಾರಿಗೆ ಕಾರ್ಲ್ ಬಾರ್ಕ್ಸ್ ಅನ್ನುವ ಹೆಸರು ಅವರಿಗೆ ಸಿಕ್ಕಿತು. ಸಹಿ ಇರಲಿಲ್ಲ, ಗೆರೆಯೇ ಸಹಿಯಾಯಿತು.

ಕರ್ಬಿಯದು ಇನ್ನೂ ಕಹಿ. ಪುಟಕ್ಕೆ ಇಷ್ಟು ಅಂತ ಕೂಲಿ, ಪಾತ್ರಗಳೆಲ್ಲ ಕಂಪನಿಯವು. 1980ರ ದಶಕದಲ್ಲಿ ತಾನು ಕೈಯಾರೆ ಬಿಡಿಸಿದ ಮೂಲ ಪುಟಗಳನ್ನು ವಾಪಸ್ ಪಡೆಯೋದಕ್ಕೇ ಹೋರಾಡಬೇಕಾಯಿತು. ಓದುಗರು, ಸಹ ಕಲಾವಿದರು ಜೊತೆಗೆ ನಿಂತರು. 1987ರಲ್ಲಿ ಸುಮಾರು 2 ಸಾವಿರ ಪುಟ ವಾಪಸ್ ಬಂತು. ಬಿಡಿಸಿದ್ದು ಅದರ ಎಷ್ಟೋ ಪಟ್ಟು. ಕುಟುಂಬ ಮತ್ತು ಮಾರ್ವೆಲ್ ನಡುವೆ ರಾಜಿ ಆದದ್ದು 2014ರಲ್ಲಿ, ಕರ್ಬಿ ತೀರಿಕೊಂಡು 20 ವರ್ಷ ಆದ ಮೇಲೆ. 13ನೇ ಶತಮಾನದ ಮಲ್ಲಿತಮ್ಮನಿಗೆ ದಂಡನಾಯಕನ ಗುಡಿಯಲ್ಲೇ ತನ್ನ ಹೆಸರು ಕೆತ್ತುವ ಅವಕಾಶ ಇತ್ತು. 20ನೇ ಶತಮಾನದ ಕರ್ಬಿ ತನ್ನ ಕಾಗದಕ್ಕಾಗಿ ಪತ್ರ ಬರೆಯುತ್ತಾ ಕೂರಬೇಕಾಯಿತು. ಕಾಲ ಮುಂದೆ ಹೋದ ಮಾತ್ರಕ್ಕೆ ನ್ಯಾಯವೂ ಮುಂದೆ ಹೋಗುತ್ತೆ ಅಂತೇನಿಲ್ಲ.

ಈಗ ಯಾವ ಸ್ಟೈಲ್ ಬೇಕೋ ಆ ಸ್ಟೈಲಿನ ಚಿತ್ರವನ್ನು ಫೋನೇ ಮಾಡಿಕೊಡುತ್ತದೆ. ಸ್ಟೈಲ್ ಗುರುತಿಸಿ ‘ಸೂಪರ್’ ಅನ್ನೋದು ಸುಲಭ. ಸ್ಟೈಲಿನ ಹಿಂದೆ ಒಬ್ಬ ಮನುಷ್ಯ ಇದ್ದಾನೆ ಅಂತ ನೆನಪಿಟ್ಟು, ಅವನ ಹೆಸರು ಹುಡುಕಿ, ಚಿತ್ರದ ಜೊತೆ ಹೆಸರನ್ನೂ ದಾಟಿಸೋದು ಅಭಿಮಾನಿಯ ಅರ್ಧ ಕೆಲಸ. ನಾನು ಆ ಅರ್ಧವನ್ನೇ ಕತ್ತರಿಸಿ ಬಿಸಾಕಿದ್ದೆ.

ಆ ಹುಡುಗನನ್ನು ಸೋಮನಾಥಪುರಕ್ಕೆ ಕರೆದುಕೊಂಡು ಹೋಗಿದ್ದೆ. ಒಂದು ಪೀಠದ ಮುಂದೆ ಕುಕ್ಕರುಗಾಲಲ್ಲಿ ಕೂತು ಅಕ್ಷರ ಓದೋಕೆ ನೋಡಿದ. ‘ಅಣ್ಣ, ಇವರೂ ಮೂಲೇಲೇ ಹಾಕವ್ರೆ. ಆದ್ರೆ ಇದನ್ನ ಕ್ರಾಪ್ ಮಾಡಕ್ಕಾಗಲ್ಲ’ ಅಂದ. ನನಗೆ ನಗು ಬಂತು, ನಾಚಿಕೆಯೂ ಆಯ್ತು.

ಅವನ ಕೋರಿಕೆಯಂತೆ ಹೆಸರನ್ನು ಇಲ್ಲಿ ಹೇಳ್ತಿಲ್ಲ. ‘ಚಿತ್ರದ ಮೇಲೆ ಇದ್ರೆ ಸಾಕು’ ಅಂದಿದ್ದಾನೆ. ಈ ಸಂಚಿಕೆಯ ಪೋಸ್ಟರ್ ಕೂಡ ಅವನದೇ. ಕೆಳಗಿನ ಬಲ ಮೂಲೆಯನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ.