ನಗರದ ಜಲಮಾರ್ಗಗಳ ಅಡಿಯಲ್ಲಿ ರಸ್ತೆ ಹಾಗೂ ರೈಲು ಸುರಂಗಗಳು – ದಕ್ಷಿಣ ಬೆಂಗಳೂರು

ಪೀಠಿಕೆ
ಲಂಡನ್ನಿನ ಥೇಮ್ಸ್ ನದಿಯ ಅಡಿಯಲ್ಲಿ ಸುರಂಗವೊಂದನ್ನು ಕೊರೆಯುವ ಕಾರ್ಯವನ್ನು 1825ರಲ್ಲಿ ಮಾರ್ಕ್ ಬ್ರೂನೆಲ್ ಅವರು ಆರಂಭಿಸಿದರು. 1828ರಲ್ಲಿ ನೀರು ನುಗ್ಗಿ ಆರು ಮಂದಿ ಮೃತಪಟ್ಟರು. 1843ರಲ್ಲಿ ಪಾದಚಾರಿಗಳಿಗೆ ತೆರೆದ ಈ ಸುರಂಗದಲ್ಲಿ 1869ರಿಂದ ರೈಲು ಸಂಚರಿಸಿತು. ನ್ಯೂಯಾರ್ಕಿನ ಹಡ್ಸನ್ ನದಿಯಡಿಯ ಹಾಲೆಂಡ್ ಸುರಂಗವು 1927ರಲ್ಲಿ ಮೋಟಾರು ವಾಹನಗಳಿಗೆ ಮುಕ್ತವಾಯಿತು. ಭಾರತದಲ್ಲಿ ಕೋಲ್ಕತ್ತದ ಹೂಗ್ಲಿ ನದಿಯಡಿಯಲ್ಲಿ 2024ರ ಮಾರ್ಚ್‌ನಲ್ಲಿ ಮೆಟ್ರೋ ಸಂಚಾರ ಆರಂಭವಾಯಿತು.

ಬೆಂಗಳೂರಿನ ಜಲಮಾರ್ಗಗಳು
ಬೆಂಗಳೂರು ದಿಣ್ಣೆಯ ಮೇಲಿನ ನಗರವಾಗಿದ್ದು, ಇಲ್ಲಿ ದೊಡ್ಡ ನದಿ ಇರುವುದಿಲ್ಲ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುವುದೆಂದು ನಂಬಲಾದ ವೃಷಭಾವತಿಯು ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಕೋರಮಂಗಲ ಕಣಿವೆಯ ನೀರು ರಾಜಕಾಲುವೆಯಲ್ಲಿ ಹರಿದು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಕೆಂಪೇಗೌಡ ಬಸ್ ನಿಲ್ದಾಣದ ಸ್ಥಳದಲ್ಲಿ ಧರ್ಮಾಂಬುಧಿ ಕೆರೆಯೂ, ಕೃಷ್ಣರಾಜೇಂದ್ರ ಮಾರುಕಟ್ಟೆಯ ಸ್ಥಳದಲ್ಲಿ ಸಿದ್ಧಿಕಟ್ಟೆಯೂ ಇದ್ದವು.

ಮೆಟ್ರೋ ಸುರಂಗಗಳು
ಹಸಿರು ಮಾರ್ಗದ ಸುಮಾರು 4 ಕಿ.ಮೀ. ಸುರಂಗವು ಸಂಪಿಗೆ ರಸ್ತೆಯಿಂದ ಮೆಜೆಸ್ಟಿಕ್, ಚಿಕ್ಕಪೇಟೆ ಹಾಗೂ ಮಾರುಕಟ್ಟೆಯ ಮೂಲಕ ಸಾಗಿ ನ್ಯಾಷನಲ್ ಕಾಲೇಜಿನ ಬಳಿ ಮೇಲೇರುತ್ತದೆ. ಅಲ್ಲಿಂದ ಜಯನಗರ, ಬನಶಂಕರಿ, ಜೆ.ಪಿ. ನಗರದವರೆಗೆ ಮಾರ್ಗವು ಎತ್ತರಿಸಿದ್ದಾಗಿದೆ. ಕಾವೇರಿ, ಕೃಷ್ಣಾ, ಗೋದಾವರಿ ಎಂಬ ನದಿಗಳ ಹೆಸರನ್ನಿಟ್ಟ ಯಂತ್ರಗಳು ಈ ಸುರಂಗವನ್ನು ಕೊರೆದವು. ಗಟ್ಟಿ ಬಂಡೆ ಮತ್ತು ಸಡಿಲ ಮಣ್ಣು ಬೆರೆತಿದ್ದ ಕಾರಣ ಕೆಲಸ ವಿಳಂಬವಾಗಿ, 2017ರ ಜೂನ್‌ನಲ್ಲಿ ಸಂಚಾರ ಆರಂಭವಾಯಿತು.

ಕಾಳೇನ ಅಗ್ರಹಾರ–ನಾಗವಾರ ಗುಲಾಬಿ ಮಾರ್ಗವು ಜೆ.ಪಿ. ನಗರ 4ನೇ ಹಂತ ಮತ್ತು ಜಯದೇವ ಆಸ್ಪತ್ರೆಯವರೆಗೆ ಮೇಲ್ಸೇತುವೆಯಲ್ಲಿ ಬಂದು, ಡೇರಿ ವೃತ್ತದ ಬಳಿ ನೆಲದೊಳಕ್ಕೆ ಇಳಿಯುತ್ತದೆ. ಇದರ ಸುರಂಗ ಭಾಗ 13.76 ಕಿ.ಮೀ. ಇದ್ದು, ಲಕ್ಕಸಂದ್ರದಿಂದ ಉತ್ತರಕ್ಕೆ ಸಾಗುವಾಗ ಕೋರಮಂಗಲ ಕಣಿವೆಯನ್ನು ದಾಟುತ್ತದೆ. 2020ರಲ್ಲಿ ಆರಂಭವಾದ ಕೊರೆಯುವ ಕಾರ್ಯವು ಒಂಬತ್ತು ಯಂತ್ರಗಳಿಂದ 2024ರ ಅಕ್ಟೋಬರ್ 30ರಂದು ಪೂರ್ಣಗೊಂಡಿತು. ಇದರ ನಡುವೆ 2023ರ ಜನವರಿಯಲ್ಲಿ ಬ್ರಿಗೇಡ್ ರಸ್ತೆಯ ಬಳಿ ರಸ್ತೆ ಕುಸಿದು ಗುಂಡಿ ಬಿದ್ದಿತ್ತು.

ನೀರನ್ನು ತಡೆಯುವ ಕ್ರಮ
ಯಂತ್ರವು ಮುಂದೆ ಸಾಗಿದಂತೆ ಅದರ ಹಿಂದೆಯೇ ಕಾಂಕ್ರೀಟ್ ತುಂಡುಗಳನ್ನು ಬಳೆಯಾಕಾರದಲ್ಲಿ ಜೋಡಿಸಲಾಗುತ್ತದೆ. ಬಳೆ ಮತ್ತು ಮಣ್ಣಿನ ನಡುವಿನ ಖಾಲಿ ಜಾಗದಲ್ಲಿ ಸಿಮೆಂಟ್ ಮಿಶ್ರಣವನ್ನು ತುಂಬಲಾಗುತ್ತದೆ. ಈ ಜಾಗ ಖಾಲಿ ಉಳಿದಲ್ಲಿ ಮೇಲಿನ ಮಣ್ಣು ಕುಸಿಯುವ ಸಂಭವವಿರುತ್ತದೆ. ಆದುದರಿಂದ ಹಳೆಯ ಬಾವಿ, ಕೆರೆಯಂಗಳ ಹಾಗೂ ಕಾಲುವೆಗಳ ಮಾಹಿತಿಯನ್ನು ಮುಂಚಿತವಾಗಿ ಸಂಗ್ರಹಿಸುವುದು ಅವಶ್ಯಕ.

ರಸ್ತೆ ಸುರಂಗ ಹಾಗೂ ಕೆಳಸೇತುವೆಗಳು
ಹೆಬ್ಬಾಳದಿಂದ ಸೆಂಟ್ರಲ್ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 16.7 ಕಿ.ಮೀ. ಉದ್ದದ ಸುರಂಗ ರಸ್ತೆಯನ್ನು ಪ್ರಸ್ತಾಪಿಸಲಾಗಿದೆ. ಲಾಲ್‌ಬಾಗ್‌ನ ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ ಮತ್ತು ಅಂತರ್ಜಲದ ಮೇಲಿನ ಪರಿಣಾಮದ ಕುರಿತು ಸಾರ್ವಜನಿಕರು ಕಳವಳ ವ್ಯಕ್ತಪಡಿಸಿದ್ದಾರೆ.

2023ರ ಮೇ 21ರಂದು ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಮಳೆನೀರು ತುಂಬಿ, ಕಾರಿನಲ್ಲಿದ್ದ ಯುವತಿಯೊಬ್ಬರು ಮೃತಪಟ್ಟರು. ನೆಲದಡಿಯ ಮಾರ್ಗ ಎಷ್ಟೇ ಚಿಕ್ಕದಾಗಿದ್ದರೂ ಮೇಲಿನ ನೀರು ಅಲ್ಲಿಗೇ ಇಳಿಯುತ್ತದೆ ಎಂಬುದನ್ನು ಈ ಘಟನೆ ತೋರಿಸಿತು.

ಸಾರ್ವಜನಿಕರ ಗಮನಕ್ಕೆ
1. ನೀರು ನಿಂತ ಕೆಳಸೇತುವೆಯೊಳಗೆ ವಾಹನ ಚಲಾಯಿಸಬಾರದು.
2. ರಾಜಕಾಲುವೆಗೆ ಕಸ ಹಾಗೂ ಕಟ್ಟಡ ತ್ಯಾಜ್ಯವನ್ನು ಸುರಿಯಬಾರದು.
3. ಸುರಂಗ ಕಾಮಗಾರಿಯ ಮಾರ್ಗದಲ್ಲಿ ಹಳೆಯ ಬಾವಿ ಅಥವಾ ಕೊಳವೆಬಾವಿ ಇದ್ದಲ್ಲಿ ಕಾಮಗಾರಿಯ ಅಧಿಕಾರಿಗಳಿಗೆ ತಿಳಿಸತಕ್ಕದ್ದು.
4. ಗೋಡೆಯಲ್ಲಿ ಹೊಸ ಬಿರುಕು ಅಥವಾ ರಸ್ತೆಯಲ್ಲಿ ಕುಸಿತ ಕಂಡುಬಂದಲ್ಲಿ ತಡಮಾಡದೆ ದೂರು ನೀಡತಕ್ಕದ್ದು.