256 ‘ನಾಯಿ’ಗೆ ಒಂದು ಹಸು

ಟ್ರಿಪ್ ಅಂದ ಕೂಡಲೇ ಸ್ಪ್ರೆಡ್‌ಶೀಟ್ ತೆರೆಯೋ ಪೈಕಿ ನಾನು. ಹಾಗಾಗಿ ಈ ಟ್ರಿಪ್‌ಗೂ ಪಟ್ಟಿ ಮಾಡೋ ಕೆಲಸ ನನ್ನ ಕೊರಳಿಗೇ ಬಿತ್ತು. ಡೆನ್ವರ್‌ನಿಂದ ಸೌತ್ ಡಕೋಟಾದ ಪಶ್ಚಿಮ ಭಾಗಕ್ಕೆ ಆರು ಗಂಟೆಯ ಡ್ರೈವ್. ಟೀಮಿನಲ್ಲಿರೋ ಗೆಳೆಯನ ಚಿಕ್ಕಪ್ಪನದು ಅಲ್ಲೊಂದು ದನದ ರ‍್ಯಾಂಚ್. ಬೇಟೆ, ಪ್ರೇರಿ ಡಾಗ್‌ದು.

ಹೆಸರು ಕೇಳಿ ಗಾಬರಿಯಾಗಬೇಡಿ, ಅದು ನಾಯಿಯಲ್ಲ. ಅಳಿಲಿನ ಕುಟುಂಬದ್ದು, ನೆಲದಲ್ಲಿ ಬಿಲ ತೋಡಿ ಊರು ಕಟ್ಟಿಕೊಂಡು ಬದುಕೋ ಪ್ರಾಣಿ. ಅಪಾಯ ಕಂಡರೆ ಬೊಗಳೋ ಹಾಗೆ ಕೂಗುತ್ತೆ, ಅದಕ್ಕೇ ಆ ಹೆಸರು. ಬೆಂಗಳೂರಿನಲ್ಲಿರೋ ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, “ಇಲಿ ಹೊಡೆಯೋಕೆ ಅಷ್ಟು ದೂರ ಹೋಗ್ಬೇಕೇನೋ?” ಅಂದರು.

ಪಟ್ಟಿ ಬೆಳೀತಾ ಹೋಯ್ತು. ತಲಾ ಎರಡು ರೈಫಲ್, ಯಾಕೆಂದರೆ ಒಂದರ ನಳಿಗೆ ಕಾದು ಕೆಂಡವಾದಾಗ ಇನ್ನೊಂದು ಬೇಕು. ಗುಂಡು ನೂರರ ಲೆಕ್ಕದಲ್ಲಿ. ಮಡಚೋ ಬೆಂಚು, ದುರ್ಬೀನು, ಕಿವಿಗೆ ರಕ್ಷಣೆ, ಟೋಪಿ, ನೀರು. ಆಮೇಲೆ ಕಾಗದಪತ್ರ. ಖಾಸಗಿ ಜಮೀನಿಗೆ ಮಾಲೀಕರ ಅನುಮತಿ ಬೇಕು, ವರ್ಷವಿಡೀ ಹೊಡೆಯಬಹುದು. ಸರ್ಕಾರಿ ಹುಲ್ಲುಗಾವಲಾದರೆ ಮಾರ್ಚ್ 1ರಿಂದ ಜೂನ್ 14ರವರೆಗೆ ಬಂದ್, ಅದು ಮರಿಗಳ ಕಾಲ. ನನ್ನ ಎಚ್-1ಬಿಗೆ ಇನ್ನೊಂದು ತೊಡಕು. ಇಲ್ಲಿನ ಕೇಂದ್ರ ಕಾನೂನಿನ ಪ್ರಕಾರ ನಮ್ಮಂಥ ವೀಸಾದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಆದರೆ ಬೇಟೆಯ ಲೈಸೆನ್ಸ್ ಇದ್ದರೆ ವಿನಾಯಿತಿ. ಸರಿ, ದುಡ್ಡು ಕಟ್ಟಿ ಲೈಸೆನ್ಸೂ ತಗೊಂಡೆ.

ಸಿಕ್ಕಿಬಿದ್ದದ್ದು ಒಂದು ಕಾಲಮ್‌ನಲ್ಲಿ. ‘ಒಬ್ಬರಿಗೆ ಎಷ್ಟು?’ ಅನ್ನೋದರ ಮುಂದೆ ಬರೆಯಬೇಕಾಗಿದ್ದು ‘ಮಿತಿಯಿಲ್ಲ’. ಜಿಂಕೆ ಜಾತಿಯ ಪ್ರಾಣಿಗಳಾದರೆ ಎಣಿಸಿ ಕೊಡೋ ಪರ್ಮಿಟ್, ಎಷ್ಟೋ ಕಡೆ ಲಾಟರಿ ಬೇರೆ. ಇದಕ್ಕೆ ಮಾತ್ರ ಲೆಕ್ಕವೇ ಇಲ್ಲ. ಯಾಕೆ ಅಂತ ಹುಡುಕಲು ಕೂತವನು ಅವತ್ತು ಮಲಗಿದ್ದು ಬೆಳಗಿನ ಜಾವ.

ನಾನು ಓದಿದ ಕಥೆ ಶುರುವಾಗೋದು ಅಚ್ಚರಿಯಿಂದ. 1804ರ ಸೆಪ್ಟೆಂಬರ್‌ನಲ್ಲಿ, ಈಗಿನ ನೆಬ್ರಾಸ್ಕಾದಲ್ಲಿ, ಲೂಯಿಸ್ ಮತ್ತು ಕ್ಲಾರ್ಕ್ ತಂಡ ಇವುಗಳ ಊರು ಕಂಡು ನಿಂತಿತು. ಅಗೆದು ನೋಡಿದರು, ಬಿಲದ ತಳ ಸಿಗಲಿಲ್ಲ. ಕೊನೆಗೆ ನದಿಯಿಂದ ನೀರು ಹೊತ್ತು ತಂದು ಬಿಲಕ್ಕೆ ಸುರಿದು ಒಂದನ್ನು ಜೀವಂತ ಹಿಡಿದರು. ಮರುವರ್ಷ ಅವರು ಕಳಿಸಿದ ಒಂದು ಪ್ರೇರಿ ಡಾಗ್ ಸಾವಿರಾರು ಮೈಲಿ ದಾಟಿ ಅಧ್ಯಕ್ಷ ಜೆಫರ್ಸನ್ ಕೈಸೇರಿತು. ಜೊತೆಗೆ ಹೊರಟ ಹಕ್ಕಿಗಳಲ್ಲಿ ಬದುಕಿ ತಲುಪಿದ್ದು ಒಂದು ಮ್ಯಾಗ್‌ಪೈ ಮಾತ್ರ. ಅಂದರೆ ಅಧ್ಯಕ್ಷರಿಗೆ ಉಡುಗೊರೆಯಾಗೋ ಯೋಗ್ಯತೆ ಇದ್ದ ಪ್ರಾಣಿ.

ನೂರೇ ವರ್ಷದಲ್ಲಿ ಅದು ಪೀಡೆಯಾಯ್ತು. ಕಾಡೆಮ್ಮೆಗಳ ಹಿಂಡು ಮುಗಿದು ಬಯಲಿಗೆ ದನ ಬಂದಿತ್ತು. ಆಗ ಅಮೆರಿಕದ ಕೃಷಿ ಇಲಾಖೆಯಲ್ಲಿ ಜೈವಿಕ ಸಮೀಕ್ಷೆಯ ಮುಖ್ಯಸ್ಥನಾಗಿದ್ದವನು ಹಾರ್ಟ್ ಮೆರಿಯಂ. ಇಲಾಖೆಯ 1901ರ ವಾರ್ಷಿಕ ಪುಸ್ತಕದಲ್ಲಿ ಅವನೊಂದು ಲೇಖನ ಬರೆದ. ಟೆಕ್ಸಾಸ್‌ನ ಒಂದೇ ಒಂದು ಊರು 25,000 ಚದರ ಮೈಲಿ, ಅದರಲ್ಲಿ 40 ಕೋಟಿ ಪ್ರೇರಿ ಡಾಗ್ ಅಂತ ಅವನ ಅಂದಾಜು. ಆಮೇಲೆ ತ್ರೈರಾಶಿ: 32 ಪ್ರೇರಿ ಡಾಗ್ ತಿನ್ನೋದು ಒಂದು ಕುರಿಯ ಮೇವು, 256 ತಿನ್ನೋದು ಒಂದು ಹಸುವಿನದು. ಈ ಲೆಕ್ಕ ಓದಿದ ರೈತನಿಗೆ ಬಯಲಲ್ಲಿ ಕಾಣಿಸೋದು ಪ್ರಾಣಿಯಲ್ಲ, ತನ್ನ ಕೈತಪ್ಪಿದ ಹಸುಗಳು.

ನಮ್ಮ ಆಫೀಸುಗಳಲ್ಲೂ ಹೀಗೇ ಅಲ್ವಾ? ಯಾರೋ ಒಂದು ಸ್ಲೈಡಿನಲ್ಲಿ ಒಂದು ಸಂಖ್ಯೆ ಹಾಕ್ತಾರೆ, ಎರಡು ಕ್ವಾರ್ಟರ್ ಆದಮೇಲೆ ಅದನ್ನ ಯಾರೂ ಪ್ರಶ್ನೆ ಮಾಡಲ್ಲ. ಮೆರಿಯಂ ಲೆಕ್ಕದ ಬೆನ್ನಿಗೇ ವಿಷ ಬಂತು. ಕಾಳಿಗೆ ಸ್ಟ್ರಿಕ್ನೀನ್ ಬೆರೆಸಿ ಬಿಲಬಿಲಕ್ಕೂ ಹಾಕಿದರು. ಸ್ಟ್ರಿಕ್ನೀನ್ ಅಂದರೆ ನಮ್ಮ ಕಡೆಯ ಕಾಸರಕದ ಬೀಜದಲ್ಲಿರೋ ವಿಷವೇ. 1931ರಲ್ಲಿ ಅಮೆರಿಕದ ಸಂಸತ್ತು ಉಪದ್ರವಿ ಪ್ರಾಣಿಗಳ ನಿರ್ಮೂಲನೆಗೆ ಕಾಯಿದೆ ಮಾಡಿದಾಗ ತೋಳದ ಜೊತೆ ಪ್ರೇರಿ ಡಾಗ್‌ನ ಹೆಸರೂ ಅದರಲ್ಲಿ ಅಚ್ಚಾಯ್ತು. ನನ್ನ ಪಟ್ಟಿಯ ‘ಮಿತಿಯಿಲ್ಲ’ದ ಬೇರು ಇಲ್ಲಿದೆ.

ರ‍್ಯಾಂಚಿನವರ ಮಾತೂ ಸುಳ್ಳಲ್ಲ. ಕೊಲೊರಾಡೊದ ಹುಲ್ಲುಗಾವಲಲ್ಲಿ ದನದ ತೂಕ ಹಿಡಿದು ನಡೆಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯ್ತು. ಕಾವಲಿನ ಶೇ 60ರಷ್ಟು ಜಾಗದಲ್ಲಿ ಪ್ರೇರಿ ಡಾಗ್ ಇದ್ದಾಗ ದನಗಳು ಮೈತುಂಬಿಕೊಳ್ಳೋದು ಸುಮಾರು ಶೇ 14ರಷ್ಟು ಕಮ್ಮಿಯಾಗಿತ್ತು. ಮಳೆ ಕೈಕೊಟ್ಟ ವರ್ಷ ಬ್ಯಾಂಕಿನ ಕಂತು ಕಟ್ಟೋನಿಗೆ ಅದು ಸಣ್ಣ ಮೊತ್ತ ಅಲ್ಲ. ಆದರೆ ಮೆರಿಯಂ ಹೇಳಿದ್ದು ಭೂಮಿಯ ಇಳುವರಿಯಲ್ಲಿ ಅರ್ಧದಿಂದ ಮುಕ್ಕಾಲು ನಷ್ಟ ಅಂತ. 14 ಎಲ್ಲಿ, 75 ಎಲ್ಲಿ!

ಈ ಲೆಕ್ಕದ ಬೆಲೆ ತೆತ್ತವರಲ್ಲಿ ಇನ್ನೊಂದು ಪ್ರಾಣಿಯೂ ಇದೆ, ಕಪ್ಪು ಕಾಲಿನ ಫೆರೆಟ್. ಮುಂಗುಸಿಯಂಥ ಉದ್ದ ಮೈ, ಪ್ರೇರಿ ಡಾಗ್‌ನ ಬಿಲವೇ ಮನೆ, ಪ್ರೇರಿ ಡಾಗೇ ಊಟ. ಅಳಿದೇಹೋಯ್ತು ಅಂದುಕೊಂಡಿದ್ದಾಗ 1981ರಲ್ಲಿ ವಯೋಮಿಂಗ್‌ನ ಮೀಟೀಟ್ಸಿ ಹತ್ತಿರ ರ‍್ಯಾಂಚಿನ ನಾಯಿಯೊಂದು ಸತ್ತ ಫೆರೆಟ್ ಒಂದನ್ನು ಮನೆಗೆ ಕಚ್ಚಿ ತಂತು. ಹುಡುಕಿದರೆ ಅಲ್ಲಿ ಇನ್ನಷ್ಟು ಬದುಕಿದ್ದವು. 1987ರ ಹೊತ್ತಿಗೆ ರೋಗಕ್ಕೆ ಬಲಿಯಾಗಿ ಉಳಿದಿದ್ದು ಹದಿನೆಂಟು. ಅವನ್ನು ಹಿಡಿದು ಸಾಕಿ ವಂಶ ಬೆಳೆಸಿದರು. ಒಂದೇ ಸರ್ಕಾರ ಒಂದು ಕೈಯಲ್ಲಿ ಫೆರೆಟ್‌ ಬಿಡುತ್ತೆ, ಇನ್ನೊಂದು ಕೈಯಲ್ಲಿ ಅದರ ಊಟಕ್ಕೆ ವಿಷ ಹಾಕಿದ ಚರಿತ್ರೆ ಇದೆ.

ಆ ರೋಗಗಳಲ್ಲಿ ಒಂದರ ಹೆಸರು ಓದಿದಾಗ ಮಾತ್ರ ನನಗೆ ಮೈ ಜುಮ್ಮೆಂದಿತು. ಪ್ಲೇಗ್. 1894ರಲ್ಲಿ ಹಾಂಗ್‌ಕಾಂಗ್, 1896ರಲ್ಲಿ ಬೊಂಬಾಯಿ, 1898ರಲ್ಲಿ ನಮ್ಮ ಬೆಂಗಳೂರು. ಅದೇ ಪಿಡುಗಿನ ಇನ್ನೊಂದು ಕವಲು ಹಡಗು ಹತ್ತಿ 1900ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ತಲುಪಿತು. ಅಲ್ಲಿಂದ ಚಿಗಟಗಳ ಮೂಲಕ ಕಾಡಿನ ನೆಲ ಅಳಿಲುಗಳಿಗೆ ಹಬ್ಬಿತು, ಕ್ರಮೇಣ ಪೂರ್ವಕ್ಕೆ ಸರಿದು ಪ್ರೇರಿ ಡಾಗ್‌ಗಳಿಗೂ ಅಂಟಿತು. ಆ ಪ್ರಾಣಿಗೆ ಈ ರೋಗ ತಡೆಯೋ ಶಕ್ತಿ ಇಲ್ಲವೇ ಇಲ್ಲ. ಒಂದು ಊರಿಗೆ ಹೊಕ್ಕರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸಾಯ್ತವೆ. ನಮ್ಮಲ್ಲಿ ಆ ಪಿಡುಗಿನ ಭಯಕ್ಕೆ ಪೇಟೆಯ ಇಕ್ಕಟ್ಟು ಬಿಟ್ಟು ಜನ ಹೊರಬಂದರು, ಬಸವನಗುಡಿ, ಮಲ್ಲೇಶ್ವರ ಬೆಳೆದವು, ಪ್ಲೇಗಮ್ಮನ ಗುಡಿಗಳೆದ್ದವು. ಪ್ರೇರಿ ಡಾಗ್‌ಗೆ ಹೋಗೋಕೆ ಬಸವನಗುಡಿ ಎಲ್ಲಿದೆ?

ಅಮ್ಮನಿಗೆ ಇದನ್ನ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮಜ್ಜಿ ಹೇಳೋರು ಕಣೋ, ಇಲಿ ಬಿತ್ತು ಅಂದ್ರೆ ಪಾತ್ರೆ ಪಡಗ ಹೊತ್ಕೊಂಡು ಹೊಲದಲ್ಲಿ ಗುಡಿಸಲು ಹಾಕೋರಂತೆ” ಅಂದರು. ನನ್ನ ಪಟ್ಟಿಯಲ್ಲೂ ಅದೇ ಭಯ ಒಂದು ಸಾಲಾಗಿ ಕೂತಿತ್ತು: ‘ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಬೇಕು, ಚಿಗಟಕ್ಕೆ ಸ್ಪ್ರೇ, ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬಾರದು’.

ಹೊರಡೋಕೆ ಹತ್ತು ದಿನ ಇರುವಾಗ ಗೆಳೆಯನ ಚಿಕ್ಕಪ್ಪನ ಫೋನ್ ಬಂತು, ಸ್ಪೀಕರ್‌ನಲ್ಲಿ ಎಲ್ಲರೂ ಕೇಳಿದೆವು. ಬರಬೇಡಿ ಅಂದರು. ಮೂರು ವಾರದಿಂದ ಬಯಲಲ್ಲಿ ಸದ್ದಿಲ್ಲ, ಬಿಲಗಳ ಬಾಯಿಗೆ ಜೇಡ ಬಲೆ ಕಟ್ಟಿದೆ, ಪ್ಲೇಗೇ ಇರಬೇಕು. ನಲವತ್ತು ವರ್ಷ ಈ ಪ್ರಾಣಿಗಳನ್ನ ಬೈದುಕೊಂಡೇ ಬದುಕಿದವರು. ಖುಷಿಯಾಯ್ತಾ ಅಂತ ಗೆಳೆಯ ತಮಾಷೆಗೆ ಕೇಳಿದ. ಬಯಲಿನ ಮೇಲೆ ಹದ್ದುಗಳೂ ಬರ್ತಿಲ್ಲ, ಬೆಳಗ್ಗೆ ಕಾಫಿ ಕುಡೀತಾ ನೋಡೋಕೆ ಏನೂ ಇಲ್ಲ ಅಂದರು ಅವರು.

ಲೈಸೆನ್ಸ್ ಇನ್ನೂ ಪರ್ಸಿನಲ್ಲೇ ಇದೆ. ಅದನ್ನ ಬಳಸ್ತಿದ್ದೆನಾ ಅಂತ ನೀವು ಕೇಳಿದರೆ, ಪ್ರಾಮಾಣಿಕವಾಗಿ, ಬಳಸ್ತಿದ್ದೆ ಅಂತಲೇ ಹೇಳಬೇಕು. ಅಷ್ಟೆಲ್ಲ ಓದಿದ ಮೇಲೂ ನಾನು ಟ್ರಿಪ್ ಕ್ಯಾನ್ಸಲ್ ಮಾಡಿರಲಿಲ್ಲ. ಸ್ಪ್ರೆಡ್‌ಶೀಟ್‌ನಲ್ಲಿ ಆಮೇಲೆ ಮಾಡಿದ ಬದಲಾವಣೆ ಒಂದೇ: ‘ಮಿತಿಯಿಲ್ಲ’ ಅಂತಿದ್ದ ಕಾಲಮ್ ಖಾಲಿ ಮಾಡಿದೆ.